ಬೆರಳಿಗೆ ಕಣ್ಣು ಬೇಕಿಲ್ಲ

ತಾಲ್ಲೂಕು ಕಚೇರಿಯ ಕೌಂಟರ್ ಇರಲಿ, ಬ್ಯಾಂಕಿನ ಮೇಜಿರಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಗಾಜಿನ ಕೋಣೆಯೇ ಇರಲಿ, ಕಂಪ್ಯೂಟರ್ ಮುಂದೆ ಕೂತವರನ್ನು ಎರಡು ನಿಮಿಷ ಗಮನಿಸಿ. ಹೆಚ್ಚಿನವರ ತಲೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕಾಗದ ನೋಡು, ಕೀಲಿಮಣೆ ನೋಡು, ಎರಡು ಬೆರಳಲ್ಲಿ ಕುಟ್ಟು, ತಲೆ ಎತ್ತಿ ತೆರೆ ನೋಡು, ತಪ್ಪಿದ್ದರೆ ಅಳಿಸು, ಮತ್ತೆ ಕಾಗದದಲ್ಲಿ ಎಲ್ಲಿದ್ದೆ ಎಂದು ಸಾಲು ಹುಡುಕು. ದಿನಕ್ಕೆ ಆರೇಳು ಗಂಟೆ ಇದೇ ಕೆಲಸ ಮಾಡುವವರು ಕೂಡ ಇದನ್ನು ಯಾರಿಂದಲೂ ಕ್ರಮವಾಗಿ ಕಲಿತಿರುವುದಿಲ್ಲ. ಹೇಗೋ ಅಭ್ಯಾಸವಾಯಿತು, ಹೇಗೋ ನಡೆಯುತ್ತಿದೆ.

ಒಂದು ಕಾಲದಲ್ಲಿ ಇದನ್ನು ಕಲಿಸುವುದಕ್ಕೆಂದೇ ಊರೂರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಿದ್ದವು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರು ಬೇಸಗೆ ರಜೆಯಲ್ಲಿ ಅಲ್ಲಿಗೆ ಸೇರಿ, ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿ, ಸರ್ಕಾರಿ ನೌಕರಿಯ ಅರ್ಜಿಗೆ ಆ ಸರ್ಟಿಫಿಕೇಟು ಲಗತ್ತಿಸುತ್ತಿದ್ದರು. ಮೊದಲ ದಿನದ ಪಾಠ ಎಲ್ಲ ಕಡೆಯೂ ಒಂದೇ: ಎಡಗೈಗೆ ಎ, ಎಸ್, ಡಿ, ಎಫ್, ಜಿ, ಎಫ್, ಬಲಗೈಗೆ ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ. ಕಾಗದದ ತುಂಬ ಅದನ್ನೇ ಹೊಡೆಯಬೇಕು. ಕೆಳಗೆ ನೋಡಿದರೆ ಮೇಷ್ಟರ ಗದರಿಕೆ. ಈಗ ಆ ಯಂತ್ರಗಳೂ ಅಪರೂಪ, ಮೇಷ್ಟರೂ ಅಪರೂಪ. ಅದೇ ಪಾಠ ಹೇಳುವ ತಂತ್ರಾಂಶ ಮಾತ್ರ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ, ಅದೂ ಹತ್ತಾರು ಬಗೆಯಲ್ಲಿ. ಆದರೂ ಅನೇಕರು ವಾರದೊಳಗೆ ಕೈಬಿಡುತ್ತಾರೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ ಎಂಬ ಹಳೆಯ ವಿವರಣೆ ಇಲ್ಲಿ ಸಾಲದು. ಈ ತಂತ್ರಾಂಶಗಳು ಕಣ್ಣಿಗೆ ರಾಚುವಂತೆ ತೋರಿಸುವುದು ವೇಗದ ಅಂಕಿಯನ್ನು. ನೋಡದೆ ಟೈಪ್ ಮಾಡುವ ವಿದ್ಯೆಯ ಮುಖ್ಯ ಲಾಭ ವೇಗವಲ್ಲ. ಕಲಿಯುವವರು ಅಂಕಿಯ ಬೆನ್ನು ಹತ್ತುತ್ತಾರೆ, ಅದು ಮೊದಲ ದಿನಗಳಲ್ಲಿ ಏರುವ ಬದಲು ಇಳಿಯುತ್ತದೆ, ನಿರಾಶೆಯಾಗುತ್ತದೆ, ಹಳೆಯ ಎರಡು ಬೆರಳಿಗೆ ಮರಳುತ್ತಾರೆ.

ಮೊದಲು ಈ ವಿದ್ಯೆ ಏನೆಂದು ನೋಡೋಣ. ನಿಮ್ಮ ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳನ್ನು ಮುಟ್ಟಿ ನೋಡಿ. ಎರಡರಲ್ಲೂ ಒಂದು ಸಣ್ಣ ಉಬ್ಬುಗೆರೆ ಇದೆ. ಎಷ್ಟೋ ವರ್ಷದಿಂದ ಕಂಪ್ಯೂಟರ್ ಬಳಸುವವರೂ ಅದನ್ನು ಗಮನಿಸಿರುವುದಿಲ್ಲ. ಎಡಗೈ ತೋರುಬೆರಳು ಎಫ್ ಮೇಲೆ, ಬಲಗೈ ತೋರುಬೆರಳು ಜೆ ಮೇಲೆ ಕೂರಬೇಕು ಎನ್ನುವುದಕ್ಕೆ ಆ ಗೆರೆ. ಕಣ್ಣು ಮುಚ್ಚಿಯೂ ಅದನ್ನು ಕಂಡುಹಿಡಿಯಬಹುದು. ಎರಡು ತೋರುಬೆರಳು ಕೂತರೆ ಉಳಿದ ಬೆರಳುಗಳು ತಾವಾಗಿಯೇ ಸಾಲಾಗಿ ಕೂರುತ್ತವೆ: ಎಡಗಡೆ ಡಿ, ಎಸ್, ಎ, ಬಲಗಡೆ ಕೆ, ಎಲ್, ಸೆಮಿಕೋಲನ್. ಹೆಬ್ಬೆರಳುಗಳು ಸ್ಪೇಸ್ ಬಾರ್ ಮೇಲೆ. ಇದೇ ನೆಲೆಸಾಲು. ಯಾವ ಬೆರಳು ಎಲ್ಲಿಗೆ ಹೋದರೂ ಹೊಡೆದ ಮೇಲೆ ಇಲ್ಲಿಗೇ ವಾಪಸು ಬರಬೇಕು.

ಪ್ರತಿ ಬೆರಳಿಗೂ ಅದರದೇ ಪಾಲಿದೆ. ಎಡ ತೋರುಬೆರಳಿಗೆ ಆರ್, ಎಫ್, ವಿ ಜೊತೆಗೆ ಪಕ್ಕದ ಟಿ, ಜಿ, ಬಿ. ಬಲ ತೋರುಬೆರಳಿಗೆ ಯು, ಜೆ, ಎಂ ಜೊತೆಗೆ ವೈ, ಎಚ್, ಎನ್. ತೋರುಬೆರಳಿಗೆ ಶಕ್ತಿ ಹೆಚ್ಚು, ಹಾಗಾಗಿ ಆರಾರು ಅಕ್ಷರ. ನಡುಬೆರಳು, ಉಂಗುರಬೆರಳುಗಳಿಗೆ ಮೂರು ಮೂರು ಕೀಲಿ. ಕಿರುಬೆರಳಿಗೆ ಅಕ್ಷರದ ಕೀಲಿ ಕಡಿಮೆ, ಆದರೆ ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲವೂ ಅದರ ತಲೆಗೇ. ಶಿಫ್ಟ್ ಹಿಡಿಯುವುದಕ್ಕೂ ಕ್ರಮವಿದೆ: ಬಲಗೈಯ ಅಕ್ಷರಕ್ಕೆ ಎಡಗೈ ಶಿಫ್ಟ್, ಎಡಗೈಯ ಅಕ್ಷರಕ್ಕೆ ಬಲಗೈ ಶಿಫ್ಟ್. ಇಂಗ್ಲಿಷ್‌ನಲ್ಲಿ ವಾಕ್ಯದ ಮೊದಲಕ್ಷರಕ್ಕೋ ಹೆಸರಿಗೋ ಮಾತ್ರ ಬೇಕಾಗುವ ಈ ನಿಯಮ ಕನ್ನಡಕ್ಕೆ ಬಂದಾಗ ಪದೇ ಪದೇ ಎದುರಾಗುತ್ತದೆ. ಅದರ ಮಾತು ಮುಂದಿದೆ.

ಕೀಲಿಗಳ ಈ ಜೋಡಣೆ ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತು ಗೆಳೆಯರು ರೂಪಿಸಿದ ಟೈಪ್‌ರೈಟರ್‌ನಿಂದ ಬಂದದ್ದು. 1868ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು, ಮುಂದೆ ರೆಮಿಂಗ್ಟನ್ ಕಂಪನಿ ಯಂತ್ರವನ್ನು ತಯಾರಿಸಿ ಮಾರಿತು. ಯಂತ್ರ ಬಂದು ಹತ್ತು ಹದಿನೈದು ವರ್ಷವಾದರೂ ಅದನ್ನು ಹೇಗೆ ಬಳಸಬೇಕು ಎಂಬುದರಲ್ಲಿ ಒಮ್ಮತ ಇರಲಿಲ್ಲ. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ನಡೆದ ಒಂದು ಸ್ಪರ್ಧೆ ಆ ಚರ್ಚೆಗೆ ಬಹುಮಟ್ಟಿಗೆ ತೆರೆ ಎಳೆಯಿತು. ಸಾಲ್ಟ್ ಲೇಕ್ ಸಿಟಿಯ ನ್ಯಾಯಾಲಯದ ಶೀಘ್ರಲಿಪಿಕಾರ ಫ್ರಾಂಕ್ ಮೆಕ್‌ಗರಿನ್ ಕೀಲಿಗಳ ಜಾಗವನ್ನೆಲ್ಲ ಬೆರಳಿಗೆ ಕಲಿಸಿಕೊಂಡಿದ್ದ. ಎದುರಾಳಿ ಲೂಯಿ ಟ್ರಾಬ್ ನೋಡಿ ಹೊಡೆಯುವವನು. ಮೆಕ್‌ಗರಿನ್ ಸಲೀಸಾಗಿ ಗೆದ್ದ. ಪಕ್ಕದ ಕಾಗದದಿಂದ ನಕಲು ಮಾಡುವ ಸುತ್ತಿನಲ್ಲಿ ಅವನ ಅನುಕೂಲ ಕಣ್ಣಿಗೇ ಕಾಣುವಂತಿತ್ತು: ಎದುರಾಳಿ ಕಾಗದದಿಂದ ಯಂತ್ರಕ್ಕೆ, ಯಂತ್ರದಿಂದ ಕಾಗದಕ್ಕೆ ಕಣ್ಣು ಹಾಯಿಸುತ್ತಿದ್ದರೆ ಇವನ ಕಣ್ಣು ಕಾಗದ ಬಿಟ್ಟು ಕದಲಬೇಕಿರಲಿಲ್ಲ.

ಇಷ್ಟು ಕೇಳಿದ ಮೇಲೆ ಎಲ್ಲರೂ ಹತ್ತು ಬೆರಳಲ್ಲೇ ಟೈಪ್ ಮಾಡಿದರೆ ವೇಗ ತಾನಾಗಿ ಬರುತ್ತದೆ ಎನ್ನಿಸುವುದು ಸಹಜ. ಇಲ್ಲೊಂದು ಅಡ್ಡಮಾತು ಇದೆ, ಅದನ್ನು ಮುಚ್ಚಿಡಬಾರದು. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯ ಮತ್ತು ಕೇಂಬ್ರಿಜ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,68,000 ಜನರ ಟೈಪಿಂಗ್ ಅನ್ನು ಅಂತರ್ಜಾಲದ ಮೂಲಕ ಅಳೆದರು. ಸರಾಸರಿ ವೇಗ ನಿಮಿಷಕ್ಕೆ 52 ಪದ. ತರಬೇತಿ ಪಡೆದವರಿಗೂ ಪಡೆಯದವರಿಗೂ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಂತರ್ಜಾಲದಲ್ಲಿ ಟೈಪಿಂಗ್ ಪರೀಕ್ಷೆಗೆ ತಾವಾಗಿ ಬಂದು ಕೂರುವವರು ಸಾಮಾನ್ಯರಿಗಿಂತ ಹೆಚ್ಚು ಪಳಗಿದವರೇ ಆಗಿರುತ್ತಾರೆ ಎನ್ನುವುದನ್ನು ನೆನಪಿಡಬೇಕು. ಆದರೂ ಆರು ಬೆರಳಲ್ಲಿ ಚುರುಕಾಗಿ ಹೊಡೆಯುವವರು ಇದ್ದಾರೆ ಎನ್ನುವುದು ಸುಳ್ಳಲ್ಲ. ನಿಮ್ಮ ಕಚೇರಿಯಲ್ಲೂ ಒಬ್ಬರಿರಬಹುದು.

ಅದೇ ಆಲ್ಟೊದ 2016ರ ಇನ್ನೊಂದು ಸಣ್ಣ ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ಮೂವತ್ತು ಜನರ ಬೆರಳು ಮತ್ತು ಕಣ್ಣಿನ ಚಲನೆಯನ್ನು ಕ್ಯಾಮೆರಾಗಳಲ್ಲಿ ಹಿಡಿದು ನೋಡಿದಾಗ, ತಮಗೆ ತಾವೇ ಕಲಿತವರು ವೇಗದಲ್ಲಿ ಹಿಂದೆ ಬೀಳದಿದ್ದರೂ, ಕೀಲಿಮಣೆಯನ್ನು ನೋಡಲು ಕಳೆಯುವ ಹೊತ್ತು ಕ್ರಮವಾಗಿ ಕಲಿತವರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಇತ್ತು. ಕ್ರಮವಾಗಿ ಕಲಿತವರಿಗೆ ಸಿಕ್ಕ ಲಾಭ ಕಣ್ಣಿನ ಲೆಕ್ಕದಲ್ಲಿತ್ತು. ಕಣ್ಣು ತೆರೆಯ ಮೇಲಿದ್ದರೆ ತಪ್ಪು ಆದ ಕೂಡಲೇ ಕಾಣುತ್ತದೆ. ಬರೆಯುವ ವಾಕ್ಯ ಎತ್ತ ಸಾಗುತ್ತಿದೆ ಎಂದು ಗೊತ್ತಿರುತ್ತದೆ. ಮೂಲಪ್ರತಿಯ ಸಾಲು ತಪ್ಪುವುದಿಲ್ಲ. ಕುತ್ತಿಗೆ ದಿನಕ್ಕೆ ನೂರಾರು ಬಾರಿ ಬಗ್ಗುವುದು ತಪ್ಪುತ್ತದೆ. ನಿಮಿಷಕ್ಕೆ 40 ಪದ ಹೊಡೆಯುತ್ತಾ ತೆರೆ ನೋಡುವವರು, 50 ಪದ ಹೊಡೆಯುತ್ತಾ ಕೀಲಿಮಣೆ ನೋಡುವವರಿಗಿಂತ ಸಂಜೆ ಕಡಿಮೆ ದಣಿದಿರುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ತಂತ್ರಾಂಶಗಳ ವಿಷಯ. ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ, ಈ ವ್ಯತ್ಯಾಸ ತಿಳಿಯದೆ ಹೊಸಬರು ಎಡವುತ್ತಾರೆ. ಕೆಲವು ಕಲಿಸುತ್ತವೆ, ಕೆಲವು ಅಳೆಯುತ್ತವೆ. ಟೈಪಿಂಗ್‌ಕ್ಲಬ್ ಕಲಿಸುವ ಜಾತಿ. ಎಫ್ ಮತ್ತು ಜೆ ಕೀಲಿಯಿಂದ ಶುರು ಮಾಡಿ, ತೆರೆಯ ಮೇಲೆ ಕೈಯ ಚಿತ್ರ ತೋರಿಸಿ, ಯಾವ ಬೆರಳು ಎಲ್ಲಿಗೆ ಚಾಚಬೇಕು ಎಂದು ಹೇಳಿ, ಪಾಠ ಪಾಠಕ್ಕೂ ನಕ್ಷತ್ರ ಕೊಟ್ಟು ಮುಂದೆ ಕರೆದೊಯ್ಯುತ್ತದೆ. ಬಾಲಬೋಧೆಯಂತಿದ್ದರೂ ಹೊಸಬರಿಗೆ ಅದೇ ಸರಿ. ಕೀಬಿಆರ್ ಎಂಬ ಜಾಲತಾಣದ್ದು ಬೇರೆ ಜಾಣತನ. ಕೆಲವೇ ಅಕ್ಷರಗಳಿಂದ ಶುರುವಾಗಿ, ಅವುಗಳಿಂದಲೇ ಅರ್ಥವಿಲ್ಲದ ಆದರೆ ಉಚ್ಚರಿಸಲು ಬರುವ ಪದಗಳನ್ನು ಹೊಸೆದು ಕೊಡುತ್ತದೆ. ಆ ಅಕ್ಷರಗಳಲ್ಲಿ ಕೈ ಪಳಗಿದ ಮೇಲಷ್ಟೇ ಇನ್ನೊಂದು ಅಕ್ಷರ ಸೇರಿಸುತ್ತದೆ. ಯಾವ ಅಕ್ಷರದಲ್ಲಿ ಎಡವುತ್ತೀರೋ ಅದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಅರ್ಥವಿಲ್ಲದ ಪದವಾದ್ದರಿಂದ ಮುಂದೇನು ಬರುತ್ತದೆ ಎಂದು ಊಹಿಸಿ ಹೊಡೆಯಲು ಆಗುವುದಿಲ್ಲ, ಅಕ್ಷರ ಅಕ್ಷರವನ್ನೂ ನಿಜವಾಗಿ ಓದಬೇಕು. ನಲವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡ ಇನ್‌ಸ್ಟಿಟ್ಯೂಟಿನ ಮೇಷ್ಟರಿಗೆ ಒಬ್ಬೊಬ್ಬರ ದುರ್ಬಲ ಬೆರಳನ್ನು ಹೀಗೆ ಲೆಕ್ಕ ಇಡುವುದು ಸಾಧ್ಯವೇ ಇರಲಿಲ್ಲ.

ಮಂಕಿಟೈಪ್, ಟೈಪ್‌ರೇಸರ್ ಮುಂತಾದವು ಅಳೆಯುವ ಜಾತಿ. ಒಂದರಲ್ಲಿ ಮೂವತ್ತು ಸೆಕೆಂಡಿನ ಪರೀಕ್ಷೆ, ಇನ್ನೊಂದರಲ್ಲಿ ಬೇರೆಯವರ ಜೊತೆ ಓಟದ ಪಂದ್ಯ. ಚೆನ್ನಾಗಿಯೇ ಇವೆ, ಚಟ ಹಿಡಿಸುವಷ್ಟು ಚೆನ್ನಾಗಿವೆ. ಆದರೆ ಕೈ ಕೂರುವ ಮೊದಲೇ ಇಲ್ಲಿಗೆ ಹೋದರೆ ಪಂದ್ಯ ಗೆಲ್ಲುವ ಆಸೆಗೆ ಬೆರಳು ಹಳೆಯ ದಾರಿ ಹಿಡಿಯುತ್ತದೆ. ಮನೆಯಲ್ಲಿ ನೆಟ್ ಸರಿಯಿಲ್ಲದವರಿಗೆ ಕಂಪ್ಯೂಟರ್‌ನಲ್ಲೇ ಹಾಕಿಕೊಳ್ಳುವ ಕ್ಲಾವಾರೊ, ಕೆಟಚ್‌ನಂಥ ಮುಕ್ತ ತಂತ್ರಾಂಶಗಳಿವೆ. ಚಿಕ್ಕ ಮಕ್ಕಳಿಗಾದರೆ ಟಕ್ಸ್ ಟೈಪಿಂಗ್: ಮೇಲಿನಿಂದ ಅಕ್ಷರ ಹೊತ್ತ ಮೀನುಗಳು ಬೀಳುತ್ತವೆ, ಸರಿಯಾದ ಕೀಲಿ ಒತ್ತಿದರೆ ಪೆಂಗ್ವಿನ್ ನುಂಗುತ್ತದೆ.

ಯಾವುದನ್ನು ಆರಿಸಿಕೊಂಡರೂ ಒಂದು ಕೊರತೆ ಎಲ್ಲಕ್ಕೂ ಸಮಾನ. ನೀವು ಕೆಳಗೆ ನೋಡಿದಿರೋ ಇಲ್ಲವೋ ಅವುಗಳಿಗೆ ಗೊತ್ತಾಗುವುದಿಲ್ಲ. ಯಾವ ಬೆರಳಲ್ಲಿ ಹೊಡೆದಿರಿ ಎನ್ನುವುದೂ ಗೊತ್ತಾಗುವುದಿಲ್ಲ. ಎರಡೇ ಬೆರಳಲ್ಲಿ ಎಲ್ಲ ಪಾಠ ಮುಗಿಸಿ ಎಲ್ಲ ನಕ್ಷತ್ರ ಗಳಿಸಬಹುದು. ಕೆಳಗೆ ನೋಡಿದರೆ ಗದರುತ್ತಿದ್ದ ಮೇಷ್ಟರ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು. ಕೈಗಳ ಮೇಲೆ ತೆಳು ಟವೆಲ್ಲೋ ಕರ್ಚೀಫೋ ಹಾಸಿಕೊಂಡು ಅಭ್ಯಾಸ ಮಾಡುವುದು ನಗೆ ತರಿಸಿದರೂ ಕೆಲಸ ಮಾಡುವ ಉಪಾಯ. ಇದರ ವಿರುದ್ಧ ದಿಕ್ಕಿನದು ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿಕೊಳ್ಳುವ ರೂಢಿ. ಸ್ಟಿಕ್ಕರ್ ಇದ್ದಷ್ಟು ದಿನ ಕಣ್ಣು ಕೆಳಗೇ ಇರುತ್ತದೆ.

ಕೀಲಿಮಣೆಯ ನಕ್ಷೆಯನ್ನು ಬಾಯಿಪಾಠ ಮಾಡಿದರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ನಿಮಿಷಕ್ಕೆ ಸರಾಸರಿ 70ಕ್ಕೂ ಹೆಚ್ಚು ಪದ ಹೊಡೆಯುವವರ ಕೈಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು, ಅಕ್ಷರ ತುಂಬಿ ಎಂದರು. 26ರಲ್ಲಿ ಸರಾಸರಿ 15 ಅಕ್ಷರ ಮಾತ್ರ ಸರಿಯಾದ ಜಾಗಕ್ಕೆ ಬಿದ್ದವು. ಬೆರಳಿಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. ಇದು ಬಾಯಿಪಾಠಕ್ಕೆ ದಕ್ಕುವ ವಿದ್ಯೆಯಲ್ಲ, ವೀಣೆಯ ಸರಳೆ ಜಂಟಿಯಂತೆ ಕೈಯಲ್ಲೇ ಮಾಡಿ ಮಾಡಿ ಬರಬೇಕು.

ಹಳೆಯ ಯಂತ್ರ ಕಲಿಸುತ್ತಿದ್ದ, ಹೊಸ ಯಂತ್ರ ಮರೆಸುತ್ತಿರುವ ಇನ್ನೊಂದು ಶಿಸ್ತಿದೆ. ಟೈಪ್‌ರೈಟರ್‌ನಲ್ಲಿ ತಪ್ಪಿದರೆ ಸುಲಭವಾಗಿ ಅಳಿಸಲು ಬರುತ್ತಿರಲಿಲ್ಲ. ಕಾರ್ಬನ್ ಪ್ರತಿಗಳಿದ್ದರಂತೂ ಒಂದು ತಪ್ಪಿಗೆ ನಾಲ್ಕು ಹಾಳೆ ತಿದ್ದಬೇಕು. ಹಾಗಾಗಿ ಮೊದಲು ನಿಖರತೆ, ಆಮೇಲೆ ವೇಗ ಎನ್ನುವುದು ಅಲ್ಲಿ ಯಂತ್ರವೇ ವಿಧಿಸಿದ ನಿಯಮ. ಕಂಪ್ಯೂಟರ್‌ನಲ್ಲಿ ಬ್ಯಾಕ್‌ಸ್ಪೇಸ್ ತೀರ ಅಗ್ಗ. ತಪ್ಪು ಹೊಡೆ, ಅಳಿಸು, ಮತ್ತೆ ಹೊಡೆ ಎಂಬುದೇ ರೂಢಿಯಾಗಿ, ಬೆರಳು ತಪ್ಪನ್ನೂ ಸರಿಯನ್ನೂ ಜೊತೆ ಜೊತೆಗೆ ಕಲಿಯುತ್ತದೆ. ಒಂದು ತಪ್ಪಿಗೆ ಮೂರು ಕೀಲಿ ಖರ್ಚು: ತಪ್ಪಿದ್ದಕ್ಕೆ ಒಂದು, ಅಳಿಸಿದ್ದಕ್ಕೆ ಒಂದು, ಸರಿಪಡಿಸಿದ್ದಕ್ಕೆ ಒಂದು. ನಡುವೆ ತಡವರಿಸಿದ ಹೊತ್ತು ಬೇರೆ. ಮಂಕಿಟೈಪ್‌ನಲ್ಲಿ ಬ್ಯಾಕ್‌ಸ್ಪೇಸ್ ಕೆಲಸ ಮಾಡದಂತೆ ಮಾಡುವ ಆಯ್ಕೆಯಿದೆ, ಕೀಬಿಆರ್‌ನಲ್ಲಿ ಸರಿಯಾದ ಕೀಲಿ ಒತ್ತುವ ತನಕ ಮುಂದೆ ಹೋಗಲು ಬಿಡದ ಆಯ್ಕೆಯಿದೆ. ಅವನ್ನು ಹಾಕಿಕೊಳ್ಳಿ. ನೂರಕ್ಕೆ 95 ಸರಿ ಬರುವ ತನಕ ವೇಗದ ಅಂಕಿಯತ್ತ ನೋಡಲೇಬೇಡಿ.

ದಿನಕ್ಕೆ ಎಷ್ಟು ಹೊತ್ತು? ಈ ಪ್ರಶ್ನೆಗೆ ಬ್ರಿಟಿಷ್ ಅಂಚೆ ಇಲಾಖೆಯ ನೌಕರರ ಮೇಲೆ ನಡೆದು 1978ರಲ್ಲಿ ಪ್ರಕಟವಾದ ಅಧ್ಯಯನಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅಂಚೆಯವರನ್ನು ನಾಲ್ಕು ಗುಂಪು ಮಾಡಿ ಟೈಪಿಂಗ್ ಕಲಿಸಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೊಂದು ತುದಿಯ ಗುಂಪಿಗೆ ಎರಡೆರಡು ಗಂಟೆಯ ಎರಡು ಪಾಠ, ಅಂದರೆ ದಿನಕ್ಕೆ ನಾಲ್ಕು ಗಂಟೆ. ಕೀಲಿಮಣೆ ಕೈಗೆ ಬರಲು ಮೊದಲ ಗುಂಪಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ನಾಲ್ಕು ಗಂಟೆಯ ಗುಂಪಿಗೆ ಸುಮಾರು 50 ಗಂಟೆ ಬೇಕಾಯಿತು. ಕಡಿಮೆ ಕೂತವರು ಪ್ರತಿ ಗಂಟೆಗೂ ಹೆಚ್ಚು ಕಲಿತರು. ಇದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿಯಿದ್ದವರೂ ಆ ಒಂದು ಗಂಟೆಯವರೇ! ಬೇರೆ ಗುಂಪಿನವರು ಕಡಿಮೆ ದಿನಗಳಲ್ಲಿ ಮುಂದೆ ಹೋದದ್ದರಿಂದ ಅವರಿಗೆ ತಾವು ಹಿಂದುಳಿದಂತೆ ಅನ್ನಿಸಿತು. ನಮಗೆ ಒಳ್ಳೆಯದಾಗುತ್ತಿರುವುದು ನಮಗೇ ಅನ್ನಿಸಬೇಕೆಂದಿಲ್ಲ. ಭಾನುವಾರ ಪೂರ್ತಿ ಕೂತು ಹೊಡೆಯುವ ಹುಮ್ಮಸ್ಸನ್ನು ಬಿಟ್ಟು, ದಿನಕ್ಕೆ ಅರ್ಧ ಗಂಟೆ ಎಂದು ಇಟ್ಟುಕೊಂಡರೆ ಸಾಕು. ಅದನ್ನೂ ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಎಂದು ಒಡೆದುಕೊಳ್ಳಬಹುದು. ನಿದ್ದೆಗೂ ಇಲ್ಲಿ ಪಾತ್ರವಿದೆ. ಬೆರಳಿನ ಚಲನೆಗಳು ರಾತ್ರಿಯ ನಿದ್ದೆಯ ನಂತರ ಹೆಚ್ಚು ಸಲೀಸಾಗುತ್ತವೆ ಎಂದು ಮಿದುಳಿನ ಅಧ್ಯಯನ ಮಾಡುವವರು ತೋರಿಸಿದ್ದಾರೆ. ಸಂಜೆ ಬಾರದ ಅಕ್ಷರ ಬೆಳಿಗ್ಗೆ ತಾನಾಗಿ ಬಂದರೆ ಆಶ್ಚರ್ಯಪಡಬೇಡಿ.

ಹೀಗೆ ನಡೆದರೂ ನಡುವೆ ಒಂದು ಕಡೆ ಬಂಡಿ ನಿಲ್ಲುತ್ತದೆ. ಮೂರ್ನಾಲ್ಕು ವಾರ ಏರಿದ ವೇಗ ಇದ್ದಕ್ಕಿದ್ದಂತೆ ಏರುವುದನ್ನು ಬಿಡುತ್ತದೆ. ಇದು ಹೊಸ ಸಂಗತಿಯಲ್ಲ. ಬ್ರಯನ್ ಮತ್ತು ಹಾರ್ಟರ್ ಎಂಬ ಮನಶ್ಶಾಸ್ತ್ರಜ್ಞರು 1890ರ ದಶಕದಲ್ಲಿ ತಂತಿ ಕಚೇರಿಯ ಕಲಿಕೆಗಾರರಲ್ಲಿ ಇದನ್ನೇ ಕಂಡು ದಾಖಲಿಸಿದ್ದರು. ಅವರ ವಿವರಣೆ ಸರಳ: ಅಲ್ಲಿಯ ತನಕ ಕೈ ಒಂದೊಂದೇ ಅಕ್ಷರವನ್ನು ಕಲಿತಿರುತ್ತದೆ, ಈಗ ಅಕ್ಷರಗಳ ಗುಂಪನ್ನು ಒಟ್ಟಾಗಿ ಹಿಡಿಯಲು ಹೊರಟಿದೆ. ಮೇಲೆ ಏನೂ ಕಾಣದಿದ್ದರೂ ಒಳಗೆ ಕಟ್ಟುವ ಕೆಲಸ ನಡೆದಿರುತ್ತದೆ. ಮೊದಲ ವಾರ ದಾಟಿದವರಲ್ಲಿ ಹೆಚ್ಚಿನವರು ಕೈಚೆಲ್ಲುವುದು ಇಲ್ಲಿಯೇ.

ಇನ್ನು ಕನ್ನಡಕ್ಕೆ ಬರೋಣ, ಏಕೆಂದರೆ ನಮ್ಮ ಓದುಗರ ನಿಜವಾದ ತೊಡಕು ಶುರುವಾಗುವುದು ಇಲ್ಲಿ. ಇಂಗ್ಲಿಷ್‌ಗೆ ಹೆಚ್ಚುಕಡಿಮೆ ಒಂದೇ ವಿನ್ಯಾಸ. ಕನ್ನಡಕ್ಕೆ ಮೂರು ದಾರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಯಂತ್ರದಿಂದ ಲಿಪಿ ಬದಲಿಸಿಕೊಳ್ಳುವ ಲಿಪ್ಯಂತರ ಒಂದು. ಕೆ.ಪಿ. ರಾವ್ ಅವರು ರೂಪಿಸಿ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕ-ಗ-ಪ ಎಂದು ಕರೆಸಿಕೊಂಡು, ನುಡಿ ತಂತ್ರಾಂಶದ ಮೂಲಕ ಸರ್ಕಾರಿ ಕಚೇರಿಗಳನ್ನೆಲ್ಲ ತಲುಪಿದ ವಿನ್ಯಾಸ ಇನ್ನೊಂದು. ಕೇಂದ್ರ ಸರ್ಕಾರ ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಎಂದು ನಿಗದಿ ಮಾಡಿದ ಇನ್‌ಸ್ಕ್ರಿಪ್ಟ್ ಮೂರನೆಯದು.

ಲಿಪ್ಯಂತರದಲ್ಲಿ ಫೋನಿನಂತೆ ಸಲಹೆಯ ಪಟ್ಟಿ ತೆರೆದುಕೊಳ್ಳುವ ಬಗೆಯನ್ನು ನೋಡದೆ ಟೈಪ್ ಮಾಡುವವರು ದೂರ ಇಡುವುದು ಒಳ್ಳೆಯದು. ಪ್ರತಿ ಪದಕ್ಕೂ ನಿಂತು, ಪಟ್ಟಿಯಿಂದ ಆರಿಸಿ, ಮುಂದೆ ಹೋಗಬೇಕು. ಬೆರಳಿಗೆ ಲಯವೇ ಸಿಗುವುದಿಲ್ಲ.

ಕ-ಗ-ಪದ ಸೊಗಸು ಬೇರೆ. ಇಡೀ ಕನ್ನಡ ವರ್ಣಮಾಲೆಯನ್ನು ಅದು ಇಂಗ್ಲಿಷ್‌ನ 26 ಅಕ್ಷರದ ಕೀಲಿಗಳಲ್ಲೇ, ಶಿಫ್ಟ್ ಸೇರಿಸಿ, ಕೂರಿಸಿದೆ. ಅಂಕಿ, ಅಲ್ಪವಿರಾಮ, ಸೆಮಿಕೋಲನ್ ಯಾವುದೂ ಜಾಗ ಬಿಟ್ಟು ಕದಲಿಲ್ಲ. ಕೆ ಕೀಲಿಯಲ್ಲಿ ಕ, ಎಸ್‌ನಲ್ಲಿ ಸ, ಎಲ್‌ನಲ್ಲಿ ಲ. ಬೇರೆಡೆ ಹೋದವು ಕೆಲವು ಮಾತ್ರ: ಟ ಇರುವುದು ಕ್ಯೂನಲ್ಲಿ, ಡ ಇರುವುದು ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ. ಒತ್ತಕ್ಷರ ತರುವ ಕೀಲಿ ಎಫ್, ಅಂದರೆ ಎಡ ತೋರುಬೆರಳು ಸದಾ ಕೂತಿರುವ ಜಾಗವೇ. ಕನ್ನಡದಲ್ಲಿ ಒತ್ತಕ್ಷರ ಎಷ್ಟು ಬರುತ್ತದೆ ಎಂಬುದನ್ನು ನೆನೆದರೆ ಆ ಆಯ್ಕೆಯ ಜಾಣತನ ತಿಳಿಯುತ್ತದೆ. ಕನ್ನಡ ಎಂಬ ಪದಕ್ಕೆ ಐದೇ ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಬರೆಯುವುದು ಕೂಡ ಉಚ್ಚಾರಣೆಯ ಕ್ರಮದಲ್ಲಿ. ಕರ್ನಾಟಕ ಎನ್ನುವಾಗ ಅರ್ಕಾವೊತ್ತು ಕಾಣುವುದು ‘ನಾ’ ಆದ ಮೇಲೆ, ಆದರೆ ಕೈ ಮೊದಲು ‘ರ’ ಹೊಡೆದು, ಒತ್ತಿನ ಕೀಲಿ ಒತ್ತಿ, ಆಮೇಲೆ ‘ನ’ಗೆ ಹೋಗುತ್ತದೆ. ಕಂಡ ಕ್ರಮದಲ್ಲೇ ಹೊಡೆಯಬೇಕಿದ್ದ ಹಳೆಯ ಟೈಪ್‌ರೈಟರ್ ಅಭ್ಯಾಸವಿದ್ದವರಿಗೆ ಇದು ಮೊದಮೊದಲು ಗೊಂದಲ.

ಬೆಂಗಳೂರು ಎಂದು ಹೊಡೆದು ನೋಡಿ. ಬಿ, ಇ, ಶಿಫ್ಟ್ ಹಿಡಿದು ಎಂ, ಜಿ, ಶಿಫ್ಟ್ ಹಿಡಿದು ಎಲ್, ಶಿಫ್ಟ್ ಹಿಡಿದು ಯು, ಆರ್, ಯು. ಎಂಟು ಕೀಲಿ, ಅದರಲ್ಲಿ ಮೂರಕ್ಕೆ ಶಿಫ್ಟ್. ಸೊನ್ನೆ, ಳ, ಕೊಂಬಿನ ದೀರ್ಘ ಈ ಮೂರೂ ಬಲಗೈಯ ಪಾಲಾದ್ದರಿಂದ ಮೂರು ಬಾರಿಯೂ ದುಡಿಯುವುದು ಎಡಗೈ ಕಿರುಬೆರಳು. ಇಂಗ್ಲಿಷ್‌ನಲ್ಲಿ ಸೋಮಾರಿಯಾಗಿರುವ ಬೆರಳಿಗೆ ಕನ್ನಡದಲ್ಲಿ ಬಿಡುವಿಲ್ಲ. ಕನ್ನಡ ಟೈಪ್ ಮಾಡುವವರು ಕಿರುಬೆರಳಿಗೆ ಪ್ರತ್ಯೇಕ ಅಭ್ಯಾಸ ಕೊಡಲೇಬೇಕು. ಇಂಗ್ಲಿಷ್ ಪಾಠಗಳಷ್ಟರಿಂದಲೇ ಅದು ಬರುವುದಿಲ್ಲ.

ಕ-ಗ-ಪದಲ್ಲಿ ದೋಷವೂ ಇದೆ. ಅಕ್ಕ, ಅಪ್ಪ, ಅಮ್ಮ ಹೊಡೆಯುವಾಗ ಬಲಗೈ, ಎಡಗೈ, ಬಲಗೈ ಎಂದು ಸರದಿ ಸಿಗುತ್ತದೆ, ಕೈ ಹಾಯಾಗಿ ಓಡುತ್ತದೆ. ಅತ್ತೆಗೆ ಬಂದಾಗ ತಕರಾರು. ಟಿ, ಎಫ್, ಟಿ ಮೂರೂ ಎಡ ತೋರುಬೆರಳಿನವೇ. ಗೊತ್ತು, ಇತ್ತು, ಹತ್ತು, ಸುತ್ತಮುತ್ತ ಎಲ್ಲದರಲ್ಲೂ ಅದೊಂದೇ ಬೆರಳು ಮೇಲೆ ಕೆಳಗೆ ಕುಣಿಯಬೇಕು. ಪರ್ವ ಎಂದರೆ ಆರ್, ಎಫ್, ವಿ. ಅದೂ ಅದೇ ಬೆರಳು. ಇನ್‌ಸ್ಕ್ರಿಪ್ಟ್‌ನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಕಾಗುಣಿತದ ಚಿಹ್ನೆಗಳು ಬಹುತೇಕ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ನೆಲೆಸಾಲಿನಲ್ಲಿ ಎಡಗೈಗೆ ಓತ್ವದ ದೀರ್ಘ, ಏತ್ವದ ದೀರ್ಘ, ಒತ್ತಿನ ಕೀಲಿ, ಗುಡಿಸು. ಬಲಗೈಗೆ ರ, ಕ, ತ, ಚ. ವ್ಯಂಜನ, ಸ್ವರ, ವ್ಯಂಜನ ಎಂದು ಸಾಗುವ ನಮ್ಮ ಭಾಷೆಗೆ ಎರಡೂ ಕೈ ಸರದಿಯಂತೆ ದುಡಿಯುವ ಈ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ಕ ಇರುವ ಜಾಗದಲ್ಲೇ ದೇವನಾಗರಿಯ ಕ, ತೆಲುಗಿನ ಕ ಕೂಡ ಇರುವುದರಿಂದ ಒಮ್ಮೆ ಕಲಿತದ್ದು ಹಲವು ಭಾಷೆಗೆ ಬರುತ್ತದೆ. ಆದರೆ ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಸೊನ್ನೆಯಿಂದ ಕಲಿಯಬೇಕು.

ಹಾಗಾದರೆ ಯಾವುದು? ಇಂಗ್ಲಿಷ್ ನೋಡದೆ ಹೊಡೆಯಲು ಬರುವವರು, ರಾಜ್ಯ ಸರ್ಕಾರದ ಕೆಲಸದತ್ತ ಕಣ್ಣಿಟ್ಟವರು ಕ-ಗ-ಪ ಹಿಡಿಯಲಿ. ಕನ್ನಡದ ಜೊತೆಗೆ ಹಿಂದಿ, ತೆಲುಗು, ಮರಾಠಿಯಲ್ಲೂ ಕೆಲಸ ಮಾಡಬೇಕಾದವರು ಇನ್‌ಸ್ಕ್ರಿಪ್ಟ್ ಕಲಿಯಲಿ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಮೊದಲೇ ಅಡಕವಾಗಿರುತ್ತದೆ, ಕ-ಗ-ಪಕ್ಕೆ ನುಡಿಯಂಥ ತಂತ್ರಾಂಶ ಹಾಕಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಎರಡೂ ಸಿಗುತ್ತವೆ. ಎರಡನ್ನೂ ಒಟ್ಟಿಗೆ ಮಾತ್ರ ಶುರು ಮಾಡಬೇಡಿ. ಟೈಪ್ ಮಾಡುವುದು ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಯೂನಿಕೋಡ್ ಸಂಕೇತದಲ್ಲಿರಲಿ, ಹಳೆಯ ಫಾಂಟ್‌ಗಳ ಸಹವಾಸ ಬೇಡ.

ಕನ್ನಡದ ಕೀಲಿಮಣೆಗೆ ಇಂಗ್ಲಿಷ್‌ನಷ್ಟು ನಯವಾದ ಪಾಠದ ತಾಣಗಳು ಇಲ್ಲ. ಅದರಿಂದ ಕೆಲಸ ನಿಲ್ಲಬೇಕಿಲ್ಲ. ಬೆರಳು ಕೂರಿಸುವ ಪಾಠವನ್ನು ಇಂಗ್ಲಿಷ್ ತಾಣದಲ್ಲೇ ಮುಗಿಸಿ, ಆಮೇಲೆ ದಿನಪತ್ರಿಕೆಯ ಸಂಪಾದಕೀಯವನ್ನು ಎದುರಿಗಿಟ್ಟುಕೊಂಡು ದಿನಕ್ಕೊಂದು ಪ್ಯಾರಾ ಹೊಡೆಯುತ್ತಾ ಹೋದರೆ ಸಾಕು. ಸಂಪಾದಕೀಯದಲ್ಲಿ ಮಹಾಪ್ರಾಣ, ಒತ್ತಕ್ಷರ, ಊರು ಹೆಸರು, ಅಂಕಿಸಂಖ್ಯೆ ಎಲ್ಲವೂ ಇರುತ್ತವೆ.

ವೇಗದ ಲೆಕ್ಕದಲ್ಲೊಂದು ಎಚ್ಚರಿಕೆ. ಈ ತಾಣಗಳಲ್ಲಿ ಒಂದು ಪದ ಎಂದರೆ ಐದು ಕೀಲಿ ಒತ್ತು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಇಂಗ್ಲಿಷ್‌ಗೆ ಕೇಳುವ ನಿಮಿಷಕ್ಕೆ 35 ಪದವೂ ಇದೇ ಲೆಕ್ಕದ್ದು, ಗಂಟೆಗೆ 10,500 ಕೀಲಿ. ಕನ್ನಡದ ‘ಮಾಡಿಕೊಂಡಿದ್ದಾರೆ’ ಕ-ಗ-ಪದಲ್ಲಿ ಹದಿನೈದು ಕೀಲಿ, ಅಂದರೆ ಆ ಲೆಕ್ಕದಲ್ಲಿ ಮೂರು ಪದ. ‘ಸ್ತ್ರೀ’ ನೋಡಲು ಒಂದೇ ಅಕ್ಷರ, ಕೈಗೆ ಆರು ಕೀಲಿ. ಸ್ಪೇಸ್ ಎಣಿಸಿ ಪದ ಲೆಕ್ಕ ಹಾಕಿದರೆ ಕನ್ನಡದವರು ನಿಧಾನ ಎನ್ನಿಸುತ್ತದೆ, ಕೀಲಿ ಎಣಿಸಿದರೆ ಹಾಗಲ್ಲ. ಇಂಗ್ಲಿಷ್‌ನ ಅಂಕಿಗೆ ಕನ್ನಡದ ಅಂಕಿಯನ್ನು ಹೋಲಿಸಿ ಬೇಸರಪಡುವುದು ಬೇಡ.

ಫೋನಿನಲ್ಲಿ ಹೆಬ್ಬೆರಳು ಇಷ್ಟು ಚುರುಕಾಗಿರುವಾಗ, ಮಾತಾಡಿದ್ದನ್ನು ಯಂತ್ರವೇ ಬರೆದುಕೊಳ್ಳುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ಆಲ್ಟೊ ಮತ್ತಿತರ ಸಂಸ್ಥೆಗಳ ಸಂಶೋಧಕರು 37,000 ಜನರ ಫೋನ್ ಟೈಪಿಂಗ್ ಅಳೆದಾಗ ಸರಾಸರಿ ನಿಮಿಷಕ್ಕೆ 36 ಪದ ಬಂತು. ಎಳೆಯರಂತೂ ಅಪ್ಪ ಅಮ್ಮಂದಿರಿಗಿಂತ ಹತ್ತು ಪದ ಮುಂದೆ. ಸಂದೇಶ ಕಳಿಸಲು ಅದು ಧಾರಾಳ ಸಾಕು. ಧ್ವನಿ ಟೈಪಿಂಗ್ ಕೂಡ ಮೊದಲ ಕರಡಿಗೆ ಒಳ್ಳೆಯ ಸಹಾಯ. ಆದರೆ ಹತ್ತು ಜನ ಕೂತ ಕಚೇರಿಯಲ್ಲಿ ಗೋಪ್ಯ ಪತ್ರವನ್ನು ಗಟ್ಟಿಯಾಗಿ ಹೇಳಿ ಬರೆಸಲು ಆಗುವುದಿಲ್ಲ. ಹೇಳಿ ಬರೆಸಿದ್ದನ್ನು ತಿದ್ದಲು, ಕೋಷ್ಟಕ ತುಂಬಲು, ಪ್ರೋಗ್ರಾಂ ಬರೆಯಲು ಕೊನೆಗೂ ಕೀಲಿಮಣೆಗೇ ಬರಬೇಕು.

ಶಾಲೆಗಳಿಗೆ ಒಂದು ಮಾತು. ಕಂಪ್ಯೂಟರ್ ಲ್ಯಾಬ್ ಇರುವ ಕಡೆ ಮಕ್ಕಳು ಮೌಸ್ ಹಿಡಿದು ಚಿತ್ರ ಬಿಡಿಸುವುದನ್ನೂ, ಸ್ಲೈಡ್ ಮಾಡುವುದನ್ನೂ ಕಲಿಯುತ್ತಾರೆ. ಕೈಯನ್ನು ಕೀಲಿಮಣೆಯ ಮೇಲೆ ಎಲ್ಲಿ ಇಡಬೇಕು ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಎರಡು ಬೆರಳಿನ ರೂಢಿ ಗಟ್ಟಿಯಾಗುವ ಮೊದಲೇ ಕಲಿಸಿದರೆ ಮರೆಸುವ ಶ್ರಮ ಉಳಿಯುತ್ತದೆ. ಟಕ್ಸ್ ಟೈಪಿಂಗ್, ಕ್ಲಾವಾರೊ ಎರಡಕ್ಕೂ ಹಣ ಬೇಡ, ಅಂತರ್ಜಾಲ ಬೇಡ, ಹಳೆಯ ಕಂಪ್ಯೂಟರ್ ಸಾಕು. ಐದನೆಯ ತರಗತಿಯಿಂದ ಪ್ರತಿ ಲ್ಯಾಬ್ ಅವಧಿಯ ಮೊದಲ ಹದಿನೈದು ನಿಮಿಷವನ್ನು ಇದಕ್ಕೆ ಕೊಡಿ. ಒಂದು ವರ್ಷ ಹೀಗೆ ಮಾಡಿ, ಆಮೇಲೆ ಬೇಕೋ ಬೇಡವೋ ಎಂದು ಮಕ್ಕಳ ಕೈ ನೋಡಿ ನಿರ್ಧರಿಸಿ.